ನಡುವಿನ ಎರಡು ಮೀಟರ್

ಟೇಪಿನ ಒಂದು ತುದಿ ಅಣ್ಣನ ಕೈಯಲ್ಲಿತ್ತು, ಇನ್ನೊಂದು ವಿಜಯಮಹಾಂತೇಶನ ಕೈಯಲ್ಲಿ. ನಡುವೆ ಅದು ಜೋತುಬಿದ್ದಿತ್ತು.

"ಜಗ್ಗಿ ಹಿಡಿಯೋ ತಮ್ಮಾ," ಎಂದ ಪ್ರಭುಲಿಂಗಪ್ಪ. "ಹಾವೇರಿ ಆಫೀಸಿನ್ಯಾಗೂ ಹಿಂಗ ಸಡ್ಲ ಹಿಡೀತೀಯೇನು?"

ವಿಜಯಮಹಾಂತೇಶ ಜಗ್ಗಿದ. ಫೆಬ್ರುವರಿಯ ಬಿಸಿಲು ಇನ್ನೂ ಎಳೆಯದಾಗಿತ್ತು. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಬರುವ ದಿನಗಳು. ಹೊಸ ಬಡಾವಣೆಯ ಆಚೆಗಿನ ಬಯಲಿನಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ಚೀಲ ಹೇರಿಕೊಂಡ ಟ್ರ್ಯಾಕ್ಟರುಗಳು ಹಾದುಹೋದಾಗಲೆಲ್ಲ ಘಾಟು ಗಾಳಿಗೆ ಏಳುತ್ತಿತ್ತು. ಈ ಊರಲ್ಲಿ ಹುಟ್ಟಿದವರು ಅದಕ್ಕೆ ಸೀನುವುದಿಲ್ಲ. ಅವನು ಸೀನಿದ.

"ಊರು ಮರತೀ ನೀ," ಎಂದು ಅಣ್ಣ ನಕ್ಕ.

ಮರೆತಿರಲಿಲ್ಲ. ರಾಣೆಬೆನ್ನೂರಿನ ಬಾಡಿಗೆ ಮನೆಯಿಂದ ಹಾವೇರಿಯ ಕಚೇರಿಗೆ ಹೋಗುವ ಅವನ ರೈಲು ದಿನವೂ ಬ್ಯಾಡಗಿಯಲ್ಲಿ ನಿಲ್ಲುತ್ತಿತ್ತು. ಕಿಟಕಿಯಿಂದ ಊರು ಕಾಣುತ್ತಿತ್ತು. ಅವನು ಇಳಿಯುತ್ತಿರಲಿಲ್ಲ.

ಅಪ್ಪ ತೀರಿಕೊಳ್ಳುವ ಮೊದಲು ಒಂದಕ್ಕೊಂದು ಹತ್ತಿದ ಎರಡು ಸೈಟು ಹಿಡಿದಿಟ್ಟಿದ್ದ, ಮಗನಿಗೊಂದರಂತೆ. ಎರಡೂ ಮನೆ ಒಮ್ಮೆಲೇ ಏಳಬೇಕು, ನಡುವೆ ಒಂದೇ ಗೋಡೆ ಇರಬೇಕು, ಆ ಗೋಡೆಯಲ್ಲಿ ಅಡುಗೆಮನೆಯಿಂದ ಅಡುಗೆಮನೆಗೆ ಕಿಂಡಿ ಇರಬೇಕು. ಮೆಣಸಿನಕಾಯಿ ದಲಾಲಿ ಅಂಗಡಿಯ ಪ್ರಭುಲಿಂಗಪ್ಪನಿಗೆ ಇದೊಂದು ಆಸೆ. ತಾಯಿ ಸಿದ್ದವ್ವನಿಗೆ ಆಸೆಗಿಂತ ಹೆಚ್ಚು. ಒಂದೇ ಗೋಡೆಗೆ ಎರಡು ಮನೆ ನಿಂತರೆ ಕದರಮಂಡಲಗಿಯ ಕಾಂತೇಶನ ದೀಪಕ್ಕೆ ಒಂದು ಡಬ್ಬಿ ಎಣ್ಣೆ ಎಂದು ಅವಳು ಹರಕೆ ಹೊತ್ತಿದ್ದಳು.

ಸಂಕ್ರಾಂತಿಗೆ ಮುಂಚೆಯೇ ವಿಜಯಮಹಾಂತೇಶ ಫೋನಿನಲ್ಲಿ ಹೇಳಿಬಿಟ್ಟಿದ್ದ: "ರೂಲಿನ್ಯಾಗ ಬರೂದಿಲ್ಲಣ್ಣಾ."

ಊರಿನವರ ಮನೆ ನಕ್ಷೆಗಳನ್ನು ನೋಡಿ ಒಪ್ಪಿಗೆ ಕೊಡಬಹುದೋ ಬಾರದೋ ಎಂದು ಬರೆಯುವುದೇ ಅವನ ಕೆಲಸ. ಅಣ್ಣ ಅದನ್ನೇ ನಂಬಿದ್ದ.

"ಇನ್ನೊಮ್ಮೆ ಹೇಳು ನೋಡೂಣು," ಎಂದ ಈಗ ಪ್ರಭುಲಿಂಗಪ್ಪ, ಟೇಪು ಸುತ್ತುತ್ತ. "ನನ್ನ ತಲ್ಯಾಗೂ ಸ್ವಲ್ಪ ಹೋಗ್ಲಿ."

"ಸೈಟಿನ ತುಂಬ ಕಟ್ಟಾಕ ಬರೂದಿಲ್ಲ. ಸುತ್ತ ಖಾಲಿ ಬಿಡಬೇಕು. ಎಲ್ಲಾ ಮಹಡಿ ಕೂಡಿಸಿದ್ರ ಸೈಟಿನ ಒಂದೂವರಿ ಪಟ್ಟು ದಾಟಬಾರದು. ಆಜೂಬಾಜೂ ಒಂದೊಂದು ಮೀಟರ್. ನಿಂದೊಂದು, ನಂದೊಂದು."

"ಅಂದ್ರ ನಡುವ ಎರಡು ಮೀಟರ್. ಯಾಕ?"

"ಗಾಳಿ, ಬೆಳಕು. ಮತ್ತ ದಟ್ಟಣಿ ಆಗಬಾರದು."

"ಮಂದಿ ಹತ್ತತ್ರ ಇದ್ರ ಸರಕಾರಕ್ಕೇನು ಹೊಟ್ಟಿನೋವು?"

"ಮಂದಿ ಅಲ್ಲಣ್ಣಾ. ಮನಿ."

"ಹಳೇ ಮನ್ಯಾಗ ಆ ಕಡೆ ದೊಡ್ಡಪ್ಪನವರು, ಈ ಕಡೆ ನಾವು. ಸಂತಿ ಇದ್ದಂಗ ಇತ್ತು. ಗಾಳಿ ಇಲ್ದ ಯಾರೂ ಸಾಯಲಿಲ್ಲ ನೋಡು."

ವಿಜಯಮಹಾಂತೇಶ ನಕ್ಕ. ನಿಯಮ ಅವನಿಗೆ ನಿಜವಾಗಿ ಇಷ್ಟವಾಗಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ಓದಿದಾಗ ಹಗುರಾಗಿದ್ದ. ಪ್ರತಿ ಮನೆಯ ಸುತ್ತ ಇಷ್ಟು ಖಾಲಿ ಇರತಕ್ಕದ್ದು, ಅಲ್ಲಿ ಏನನ್ನೂ ಇಡತಕ್ಕದ್ದಲ್ಲ. ಚಿಕ್ಕಂದಿನಿಂದ ತನಗೆ ಬೇಕೆನ್ನಿಸಿದ್ದನ್ನು, ಕೇಳಲು ನಾಚಿಕೆಪಟ್ಟಿದ್ದನ್ನು, ಯಾರೋ ಎಲ್ಲರಿಗೂ ಕಡ್ಡಾಯ ಮಾಡಿಬಿಟ್ಟಿದ್ದರು.

ಅದರ ಕೆಳಗೇ ಇನ್ನೊಂದು ಮಾತಿತ್ತು. ಅಕ್ಕಪಕ್ಕದ ಇಬ್ಬರು ಮಾಲೀಕರು ಒಪ್ಪಿ, ಕೂಡಿ ಅರ್ಜಿ ಕೊಟ್ಟರೆ, ನಡುವೆ ಖಾಲಿ ಬಿಡಬೇಕಿಲ್ಲ. ಗೋಡೆ ಒಂದೇ ಇರಬಹುದು. ಇದನ್ನು ಅವನು ಕಚೇರಿಗೆ ಬಂದ ಎಷ್ಟೋ ಜನರಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದ್ದ. ಅಣ್ಣನಿಗೆ ಹೇಳಿರಲಿಲ್ಲ. ಸುಳ್ಳಾಡಿದೆನೆಂದು ಅವನಿಗೆ ಅನ್ನಿಸಿರಲಿಲ್ಲ. ಅರ್ಧ ಹೇಳಿದ್ದ, ಅಷ್ಟೆ.

ಮೇಸ್ತ್ರಿ ಶಮಶೇರಸಾಬ ಗೂಟ ಬಡಿದು ದಾರ ಕಟ್ಟಿ, ದಾರದ ಗುಂಟ ಸುಣ್ಣದ ಪುಡಿ ಉದುರಿಸುತ್ತ ಬಂದ. ಕೋಣೆಗಳು ನೆಲದ ಮೇಲೆ ಬೆಳ್ಳಗೆ ಮೂಡತೊಡಗಿದವು. ನಡುವಿನ ಗೆರೆಗೆ ಬಂದಾಗ ಅವನ ಕೈ ನಿಂತಿತು.

"ಸಾಹೇಬ್ರ, ಒಂದು ಮಾತು. ಹ್ವಾದ ವರ್ಷ ರಾಣೆಬೆನ್ನೂರಾಗ ಇಬ್ರು ಅಣ್ಣತಮ್ಮರಿಗೆ ಜೋಡಿ ಮನಿ ಕಟ್ಟಿದ್ನೆಲ್ರಿ. ಗ್ವಾಡಿ ಒಂದ ಇತ್ತು. ಅವರಿಗೆ ಹೆಂಗ ಬಿಟ್ರೋ?"

ಪ್ರಭುಲಿಂಗಪ್ಪ ತಮ್ಮನ ಕಡೆ ನೋಡಿದ. ಆ ನೋಟದಲ್ಲಿ ಸಂಶಯವಿರಲಿಲ್ಲ. ಸಣ್ಣದೊಂದು ಆಸೆ ಎದ್ದು ನಿಂತಿತ್ತು.

ಈಗ ಹೇಳಬಹುದಿತ್ತು. ಒಂದೇ ಮಾತು. ದಾರ ಬಿಚ್ಚಿ ಇನ್ನೊಮ್ಮೆ ಕಟ್ಟಲು ಚಹಾ ಕುಡಿಯುವಷ್ಟು ಹೊತ್ತೂ ಬೇಕಿರಲಿಲ್ಲ.

ಅವನ ಕಣ್ಣ ಮುಂದೆ ಕಿಂಡಿ ಬಂತು. ಹಳೇ ಮನೆಯ ಮಣ್ಣಿನ ಗೋಡೆಯಲ್ಲಿ ಬಟ್ಟಲು ದಾಟುವಷ್ಟು ತೂತು. ಯಾವ ಹೊತ್ತಿಗಾದರೂ ಅದರಿಂದ, ದೊಡ್ಡಪ್ಪನವರ ಕಡೆಯಿಂದ, ಒಂದು ಕೈ ಬರುತ್ತಿತ್ತು. ಸಾರು ಹಿಡಿದ ಕೈ, ಕೆಂಡ ಬೇಡುವ ಕೈ, ಸುಮ್ಮನೆ ಬೆರಳಾಡಿಸಿ ಕರೆಯುವ ಕೈ. ಅವನು ಓದುತ್ತಿದ್ದರೂ ಬರುತ್ತಿತ್ತು, ಅಳುತ್ತಿದ್ದರೂ ಬರುತ್ತಿತ್ತು. ಅಪ್ಪ ಸತ್ತ ಬೆಳಿಗ್ಗೆ ಚಹಾ ಹಿಡಿದು ಬಂದಿತ್ತು. ಎಲ್ಲರೂ ಆ ಕೈಯನ್ನು ನೆನೆದು ಕಣ್ಣೀರು ಹಾಕುತ್ತಾರೆ. ಅವನಿಗೆ ಮಾತ್ರ, ಮುಖವಿಲ್ಲದ ಅದು ತನ್ನನ್ನು ತಡಕಾಡುತ್ತಿದೆ ಎನ್ನಿಸುತ್ತಿತ್ತು.

"ಅದು ಹಳೇ ರೂಲಪಾ," ಎಂದ. "ಈಗ ತಗದಾರ."

"ತಗದ್ರ ಬಿಡು," ಎಂದ ಪ್ರಭುಲಿಂಗಪ್ಪ, ಅಷ್ಟೇ ಸಲೀಸಾಗಿ. "ನಮ್ಮ ತಮ್ಮನೇ ಆಫೀಸರ್ ಇದ್ದಾನ. ಆಗ್ತಿದ್ರ ಅವನೇ ಮಾಡಿಸ್ತಿದ್ದಿಲ್ಲೇನು? ಹಾಕು ಸಾಬ, ಎರಡು ಗೆರಿ ಹಾಕು."

ಶಮಶೇರಸಾಬ ಎರಡು ಗೆರೆ ಹಾಕಿದ.

ಎಲ್ಲ ಸುಲಭವಾಗಿ ಮುಗಿದಿತ್ತು. ವಿಜಯಮಹಾಂತೇಶ ಗೆರೆಗಳ ನಡುವೆ ನಿಂತು ಉದ್ದಕ್ಕೆ ನಡೆದು ನೋಡಿದ. ಬರೀ ಮಣ್ಣು, ಒಂದೆರಡು ಉತ್ತರಾಣಿ ಗಿಡ. ಎದೆ ತಂಪಾಯಿತು. ರಾತ್ರಿ ಹೆಂಡತಿ ಪುಷ್ಪಲತಾಳಿಗೆ ಏನು ಹೇಳಬೇಕೆಂದು ಯೋಚಿಸಿದ; ಎಲ್ಲ ಸಮಾಧಾನದಿಂದ ಆಯಿತು ಎಂದರೆ ಸಾಕು. ಅದು ನಿಜವೂ ಆಗಿತ್ತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಸಿದ್ದವ್ವ ಬುತ್ತಿ ಹೊತ್ತು ಬಂದಳು. ಬಂದವಳೇ ಗೆರೆ ದಾಟಿ ನೇರ ನಡೆದಳು.

"ಯವ್ವಾ! ಅಲ್ಲಿ ಗ್ವಾಡಿ ಐತಿ!" ಎಂದು ಪ್ರಭುಲಿಂಗಪ್ಪ ಕೂಗಿದ. "ತಲಿ ಒಡಕೊಂಡೀ. ಬಾಗಿಲಾ ಆ ಕಡೆ."

ಸಿದ್ದವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಹಿಂದಕ್ಕೆ ಬಂದು, ಸುತ್ತು ಹಾಕಿ, ಸುಣ್ಣ ಬಿಟ್ಟಿದ್ದ ಜಾಗದಲ್ಲಿ ಬಲಗಾಲಿಟ್ಟು ಒಳಗೆ ಬಂದಳು. ಆಟ ಎಲ್ಲರಿಗೂ ಹಿಡಿಸಿತು. ಪ್ರಭುಲಿಂಗಪ್ಪ ತನ್ನ ಪಡಸಾಲೆಯಲ್ಲಿ ಕೂತ. ಶಮಶೇರಸಾಬನನ್ನು ಬೀಗನಂತೆ ಉಪಚರಿಸಿ ಪಕ್ಕದಲ್ಲಿ ಕೂರಿಸಿಕೊಂಡ. ವಿಜಯಮಹಾಂತೇಶ ರೊಟ್ಟಿ, ಎಣ್ಣೆಗಾಯಿಯ ತಾಟು ಹಿಡಿದು ತನ್ನ ಬಾಗಿಲಿನಿಂದ ತನ್ನ ಮನೆಗೆ ಹೋಗಿ, ಅಡುಗೆಮನೆಯ ಗೆರೆಯೊಳಗೆ ಕೂತ. ರೊಟ್ಟಿ ರುಚಿಯಾಗಿತ್ತು. ಬಿಸಿಲು ಹಿತವಾಗಿತ್ತು.

"ತಗೋಪಾ, ಮಸರು."

ಸಿದ್ದವ್ವ ಆಚೆಯ ಅಡುಗೆಮನೆಯಿಂದ ಬಟ್ಟಲು ಹಿಡಿದು ಕೈ ಚಾಚಿದ್ದಳು. ಗೆರೆ ದಾಟಿರಲಿಲ್ಲ; ಆಟದ ಕಟ್ಟಳೆಯನ್ನು ಅವಳು ಮುರಿಯುವವಳಲ್ಲ. ಅವನೂ ಕೂತಲ್ಲಿಂದಲೇ ಕೈ ಚಾಚಿದ. ಬಟ್ಟಲು ದೂರವೇ ಉಳಿಯಿತು. ಈ ಕೈಗೆ ಮುಖವಿತ್ತು. ಅದು ಅವನನ್ನೇ ನೋಡುತ್ತಿತ್ತು.

"ಮುಟ್ಟೂದಿಲ್ಲಲ್ಲೋ," ಎಂದಳು. ಬಗ್ಗಿ, ಬಟ್ಟಲನ್ನು ನಡುವಿನ ಮಣ್ಣಿನ ಮೇಲೆ ಇಟ್ಟಳು. "ಇಲ್ಲಿ ಇಡಾಕ ಬರತೈತೇನು?"

"ಅಲ್ಲಿ ಏನೂ ಇಡಾಕ ಬರೂದಿಲ್ಲವ್ವಾ," ಎಂದ. ಚೇಷ್ಟೆಗೆ ಹೇಳಿದ್ದ. ಪ್ರಭುಲಿಂಗಪ್ಪ ಗಟ್ಟಿಯಾಗಿ ನಕ್ಕ.

ಸಿದ್ದವ್ವ ನಗಲಿಲ್ಲ. "ಒಂದು ಕೇಳತೀನಿ. ನೀ ಓದಿದಾಂವ. ಒಂದ ಗ್ವಾಡಿಗೆ ನಿಂತ್ರ ಎಣ್ಣಿ ಅಂತ ಕಾಂತೇಶಗ ಬೇಡಿಕೊಂಡಿದ್ನಿ. ಗ್ವಾಡಿ ಎರಡಾದ್ವು. ಈಗ ಹರಕಿ ಮುಟ್ಟಿಸಬೇಕೋ, ಬ್ಯಾಡೋ?"

"ಅದಕ್ಕ ರೂಲಿಲ್ಲವ್ವಾ."

"ಹಂಗಾರ ಇರಲಿ ಬಿಡು," ಎಂದಳು ಅವಳು ಎದ್ದು, ಸೆರಗು ಕೊಡವುತ್ತ. "ಕಾಂತೇಶ ತಡೀತಾನ. ಎಲ್ಲಿ ಹೋಗ್ತಾನ?"

ಅವಳು ಸುತ್ತು ಹಾಕಿ, ಬಾಗಿಲಿನಿಂದ ಹೊರಗೆ ಹೋದಳು.

ಬಟ್ಟಲು ಅಲ್ಲೇ ಇತ್ತು. ಕೈಗೆ ಎಟುಕುತ್ತಿರಲಿಲ್ಲ. ಎದ್ದು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು; ಆದರೆ ಆ ಬದಿಗೆ ಬಾಗಿಲಿರಲಿಲ್ಲ. ನಕ್ಷೆ ಬರೆದವನು ಅವನೇ. ತಾಟು ಮುಂದಿಟ್ಟುಕೊಂಡು ಅವನು ಆರಾಮವಾಗಿ ಕೂತಿದ್ದ. ಪೇಟೆಗೆ ಹೋಗುವ ಟ್ರ್ಯಾಕ್ಟರೊಂದು ಹಾದುಹೋಯಿತು. ಧೂಳು ತಡವಾಗಿ ಬಂತು, ಸುಣ್ಣದ ಗೆರೆಗಳ ಮೇಲೆ ಇಳಿಯಿತು. ಮೊಸರಿನ ಮೇಲೂ, ನಿಧಾನವಾಗಿ, ತೆಳ್ಳಗೆ ಒಂದು ಕೆಂಪು ಪದರ ಕೂರತೊಡಗಿತು. ಅವನು ನೋಡುತ್ತ ಕೂತ. ಈ ಸಲ ಸೀನು ಬರಲಿಲ್ಲ.