ಅಂಪೈರ್ ಸೊಂಟದ ಸ್ವೆಟರ್

ನನ್ನ ಗಂಡ ನಿವೃತ್ತರಾಗಿ ವರ್ಷವಾಯಿತು ಎಂದು ಊರೆಲ್ಲ ಹೇಳುತ್ತದೆ. ಊರಿಗೇನು, ಹೇಳುತ್ತದೆ. ಅವರ ಜೊತೆ ಸಂಸಾರ ಮಾಡುತ್ತಿರುವವಳು ನಾನು. ಇವರು ನಿವೃತ್ತರಾಗಿರಲಿಲ್ಲ. ನಿಯಮದ ಪ್ರಕಾರ ಇವರ ಕೊನೆಯ ಓವರಿನಲ್ಲಿ ಇನ್ನೂ ಒಂದು ಎಸೆತ ಬಾಕಿಯಿತ್ತು, ಮತ್ತು ಆ ನಿಯಮ ದಿನಾ ಬೆಳಿಗ್ಗೆ ಬಿಳಿ ಕೋಟು ಹಾಕಿಕೊಂಡು ಬಂದು ನಮ್ಮ ನಡುಮನೆಯಲ್ಲಿ ನಿಲ್ಲುತ್ತಿತ್ತು.

ಆದದ್ದು ಹೀಗೆ. ಇವರು ದೊಡ್ಡ ವೇಗದ ಬೌಲರ್. ಹೆಂಡತಿ ಅಂತ ಹೊಗಳುತ್ತಿಲ್ಲ. ಆ ಕೆಲಸವನ್ನು ಪತ್ರಿಕೆಯವರು ಮಾಡಿ ಮಾಡಿ ಸುಸ್ತಾಗಿದ್ದಾರೆ. ಇವರ ಚೆಂಡು ಕಾಣಿಸಲೇ ಇಲ್ಲ, ಸದ್ದು ಮಾತ್ರ ಕೇಳಿಸಿತು ಎನ್ನುವ ಬ್ಯಾಟ್ಸ್‌ಮನ್‌ಗಳು ಇವತ್ತಿಗೂ ಇದ್ದಾರೆ. ಕೊನೆಯ ಪಂದ್ಯದ ಕೊನೆಯ ಓವರ್ ಇವರದೇ. ಎದುರಾಳಿಗಳಿಗೆ ಗೆಲ್ಲಲು ಒಂದೇ ರನ್ ಬೇಕು, ಉಳಿದಿದ್ದು ಒಂದೇ ಚೆಂಡು. ಇವರು ಓಡಿ ಬಂದರು, ಆವೇಶದಲ್ಲಿ ಕಾಲು ಗೆರೆ ದಾಟಿತು, ಅಂಪೈರ್ ಕೈ ಚಾಚಿ ನೋಬಾಲ್ ಎಂದರು. ನೋಬಾಲ್ ಎಂದರೆ ಎದುರಾಳಿಗೆ ಪುಕ್ಕಟೆ ಒಂದು ರನ್. ಪಂದ್ಯ ಅಲ್ಲಿಗೇ ಮುಗಿಯಿತು. ಸೋತರೇನಂತೆ, ಜನ ಮೈದಾನಕ್ಕೆ ನುಗ್ಗಿ ಇವರನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು.

ಆ ಗಲಾಟೆಯಲ್ಲಿ ಇವರ ಸ್ವೆಟರ್ ಅಂಪೈರ್ ಬಳಿಯೇ ಉಳಿಯಿತು. ಕ್ರಿಕೆಟ್ ನೋಡದವರಿಗೆ ಇದು ಗೊತ್ತಿರಲಿಕ್ಕಿಲ್ಲ: ಬೌಲರ್ ಆದವನು ಓವರ್ ಶುರು ಮಾಡುವ ಮುಂಚೆ ಸ್ವೆಟರ್ ಬಿಚ್ಚಿ ಅಂಪೈರ್ ಕೈಗೆ ಕೊಡುತ್ತಾನೆ. ಅವರು ಅದನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದು ಓವರ್ ಮುಗಿದ ಮೇಲೆ ವಾಪಸ್ ಕೊಡುತ್ತಾರೆ. ಓವರ್ ಮುಗಿದ ಮೇಲೆ. ನನ್ನ ಮನೆ ಹಾಳು ಮಾಡಿದ್ದು ಈ ಮಾತು.

ಪಂದ್ಯ ಮುಗಿದ ಮರುವಾರ ಅಂಪೈರ್ ನಮ್ಮ ಬಾಗಿಲಿಗೆ ಬಂದರು. ಬಿಳಿ ಕೋಟು, ಅಗಲ ಅಂಚಿನ ಟೋಪಿ, ಸೊಂಟಕ್ಕೆ ಇವರ ಸ್ವೆಟರ್.

“ಬನ್ನಿ ಬನ್ನಿ, ಸ್ವೆಟರ್ ಕೊಟ್ಟು ಹೋಗೋಣ ಅಂತ ಬಂದ್ರಾ?” ಎಂದೆ.

“ಹೇಗಮ್ಮ ಕೊಡೋದು? ಓವರ್ ಮುಗಿದಿಲ್ವಲ್ಲ.”

“ಪಂದ್ಯಾನೇ ಮುಗೀತಲ್ಲ ಸ್ವಾಮಿ!”

“ಪಂದ್ಯ ಮುಗೀತು, ನಾನೇನು ಇಲ್ಲ ಅಂದ್ನಾ? ಓವರ್ ಮುಗೀತು ಅಂತ ನಾನು ಬಾಯಿಬಿಟ್ಟು ಹೇಳಿಲ್ಲ. ನೋಬಾಲ್ ಲೆಕ್ಕಕ್ಕಿಲ್ಲ, ಇನ್ನೊಂದು ಬಾಲ್ ಹಾಕ್ಬೇಕು. ಅವಸರ ಏನಿಲ್ಲ. ಅವರು ಯಾವಾಗ ಸಿದ್ಧ ಆಗ್ತಾರೋ ಆಗ್ಲಿ, ನಾನು ಇರ್ತೀನಿ.”

ಈ ಮನುಷ್ಯನನ್ನು ಇವರು ಕತ್ತು ಹಿಡಿದು ಆಚೆಗೆ ಹಾಕುತ್ತಾರೆ ಎಂದು ಕಾದೆ. ಇವರು ನೆಲ ನೋಡುತ್ತ, “ಅವರು ಹೇಳೋದ್ರಲ್ಲೂ ಅರ್ಥ ಇದೆ ಕಣೇ,” ಎಂದರು. ಅಂಪೈರ್‌ಗೂ ಅದೇ ಕೊನೆಯ ಪಂದ್ಯವಾಗಿತ್ತಂತೆ. ಇಬ್ಬರಿಗೂ ಮುಗಿಸುವ ಮನಸ್ಸಿರಲಿಲ್ಲ, ಅಷ್ಟೇ. ಅದನ್ನು ನೇರವಾಗಿ ಹೇಳಿದ್ದರೆ ನಾನೇನು ಬೇಡವೆನ್ನುತ್ತಿದ್ದೆನೇ?

ಅಂದಿನಿಂದ ಅಂಪೈರ್ ನಮ್ಮ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತರು. ಕೂರಿ ಎಂದರೆ ಕೂರುವುದಿಲ್ಲ. ಚೆಂಡು ಆಟದಲ್ಲಿರುವಾಗ ಅಂಪೈರ್ ಕೂರುವಂತಿಲ್ಲವಂತೆ. ಊಟಕ್ಕೆ ಊಟದ ವಿರಾಮವಾಗಬೇಕು, ಟೀಗೆ ಟೀ ವಿರಾಮವಾಗಬೇಕು. ನಾನು ಒಂದು ನಿಮಿಷ ಮುಂಚೆ ಲೋಟ ಚಾಚಿದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಾನು ಕಿಟಕಿಯ ಪರದೆ ಎಳೆದರೆ ಬೆಳಕು ಸಾಲದು ಎಂದು ಚಾವಣಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿ, ಆ ದಿನದ ಆಟ ನಿಲ್ಲಿಸಿ ಮನೆಗೆ ಹೋಗುತ್ತಿದ್ದರು. ಇದು ತಿಳಿದ ಮೇಲೆ ನಾನು ಆಗಾಗ ಪರದೆ ಎಳೆಯುತ್ತಿದ್ದೆ.

ಅವರ ಹಿಂದೆಯೇ ವಿಕೆಟ್‌ಕೀಪರ್ ಬಂದ. ಇವರ ಹಳೆಯ ಜೊತೆಗಾರ, ನನಗೆ ಮೈದುನನಿದ್ದ ಹಾಗೆ. ಒಂದು ಬಾಲ್ ಬಾಕಿಯಿದೆ ಎಂದು ಕೇಳಿದವನೇ ಗ್ಲೌಸ್ ಹಾಕಿಕೊಂಡು ಓಡಿ ಬಂದ. ಆದರೆ ಇವರ ವೇಗಕ್ಕೆ ಅವನು ಯಾವಾಗಲೂ ಬಹಳ ಹಿಂದೆ ನಿಲ್ಲುತ್ತಿದ್ದವನು. ಲೆಕ್ಕ ಹಾಕಿ ಹಾಕಿ ಪಕ್ಕದ ಮನೆಯವರ ಗೇಟಿನ ಬಳಿ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಊಟ ತಿಂಡಿ ಆ ಮನೆಯವರದೇ. ಅವರಿಗೂ ಬೇಜಾರಿರಲಿಲ್ಲ, ಕಾವಲಿಗೆ ಒಬ್ಬ ಸಿಕ್ಕಿದನಲ್ಲ. ಅಲ್ಲಿಂದಲೇ ಕೂಗುತ್ತಿದ್ದ: “ಬನ್ನಿ ಅಣ್ಣಾ, ಒಂದೇ ಬಾಲು!”

ಇವರ ಕಥೆಯೋ, ಕೇಳಲೇಬೇಡಿ. ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ವೇಗದ ಬೌಲರ್ ಏನು ಮಾಡುತ್ತಾನೆ? ಬೆನ್ನು ತಿರುಗಿಸಿ ಓಟ ಶುರು ಮಾಡುವ ಜಾಗಕ್ಕೆ ನಡೆದು ಹೋಗುತ್ತಾನೆ. ಇವರು ವರ್ಷವಿಡೀ ಅದನ್ನೇ ಮಾಡಿದರು. ಗಂಡ ಮಾತು ಕೇಳುವುದಿಲ್ಲ ಎಂದು ಎಲ್ಲ ಹೆಂಡತಿಯರೂ ದೂರುತ್ತಾರೆ. ನನ್ನ ಗಂಡ ಕೇಳುತ್ತ ಕೇಳುತ್ತಲೇ ಹಿತ್ತಲ ಗೋಡೆಯವರೆಗೆ ಹೋಗಿಬಿಡುತ್ತಿದ್ದರು. ಟೊಮೆಟೊ ತೆಗೆದುಕೊಡಿ ಎಂದರೆ ಅದನ್ನು ಕ್ರಿಕೆಟ್ ಚೆಂಡಿನ ಹಾಗೆ ತೊಡೆಗೆ ತಿಕ್ಕಿ ತಿಕ್ಕಿ ಒಂದು ಮಗ್ಗುಲನ್ನು ಮಾತ್ರ ಮಿರಿಮಿರಿ ಮಿಂಚಿಸಿ, ಇನ್ನೊಂದು ಮಗ್ಗುಲು ಹಾಗೇ ಬಿಟ್ಟು ಕೊಡುತ್ತಿದ್ದರು. ಪ್ಯಾಂಟುಗಳಿಗೆಲ್ಲ ಒಂದೇ ಜಾಗದಲ್ಲಿ ಕೆಂಪು ಕಲೆ. ಒಗೆಯುವವಳು ನಾನು.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಮದುವೆಯಾದಾಗಿನಿಂದ ಇವರು ಒಂದೋ ಯಾವುದೋ ದೇಶದಲ್ಲಿ ಓಡುತ್ತಿದ್ದರು, ಇಲ್ಲವೇ ಮನೆಯಲ್ಲಿ ಕಾಲಿಗೆ ಐಸ್ ಕಟ್ಟಿಕೊಂಡು ಮಲಗಿರುತ್ತಿದ್ದರು. ನಿವೃತ್ತರಾದ ಮೇಲೆ ಸಂಜೆ ಹೊತ್ತು ಇಬ್ಬರೂ ಜೊತೆಗೆ, ಮಾತಾಡಿಕೊಂಡು, ಒಂದು ಸುತ್ತು ನಡೆದು ಬರಬೇಕು. ಇಷ್ಟೇ ಆಸೆ. ಅದಕ್ಕೆ ಇವರಿಗೆ ಮಂಡಿ ಇರಬೇಕು. ನಮ್ಮ ಮಗಳು ಮೂಳೆ ಡಾಕ್ಟರ್. ಅಪ್ಪನ ಎಡಮಂಡಿ ನೋಡಿಯೇ ಆ ಓದು ಹಿಡಿದವಳು. ಅವಳು ಎಕ್ಸ್‌ರೇ ತೆಗೆಸಿ ನೋಡಿ ಖಡಾಖಂಡಿತವಾಗಿ ಹೇಳಿದಳು: “ಅಪ್ಪಾ, ನಡೆಯೋದಕ್ಕೆ ಈ ಮಂಡಿ ಸಾಕು. ಹಳೇ ವೇಗದಲ್ಲಿ ಇನ್ನೊಂದೇ ಒಂದು ಸಲ ಆ ಕಾಲು ಊರಿದ್ರೆ, ಆಮೇಲೆ ಗಾಲಿಕುರ್ಚಿನೇ ಗತಿ.”

“ಹಾಗಾದ್ರೆ ನಿಧಾನವಾಗಿ ಹಾಕಿ ಮುಗಿಸಿಬಿಡಿ,” ಎಂದೆ ನಾನು.

ಅಂಪೈರ್ ಟೋಪಿ ತೆಗೆದರು. ವಿಕೆಟ್‌ಕೀಪರ್ ಗೇಟಿನಿಂದ ಓಡಿ ಬಂದು, “ಅತ್ತಿಗೆ, ಆ ಮಾತು ಆಡ್ಬೇಡಿ. ನಿಧಾನದ ಬೌಲರಿಗೆ ನಿಂತ ಹಾಗೆ ನಾನು ವಿಕೆಟ್ ಹತ್ರ ಬಂದು ನಿಂತ್ಕೋಬೇಕಾಗತ್ತೆ. ಜನ ಏನಂತಾರೆ?” ಎಂದ. ಇವರು ಹಿತ್ತಲ ಗೋಡೆಯ ಕಡೆಗೆ ನಡೆದರು.

ಅಷ್ಟು ಸಾಲದು ಎಂಬಂತೆ ಕ್ಲಬ್ಬಿನ ಕಾರ್ಯದರ್ಶಿ ಬಂದರು. ಇವರ ಹೆಸರು ಶಾಶ್ವತವಾಗಿ ಉಳಿಯಲಿ ಎಂದು ಕ್ಲಬ್ಬಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಕೊನೆಯ ಪಂದ್ಯದ ಸ್ವೆಟರ್ ಇಡುತ್ತೇವೆಂದು ಘೋಷಿಸಿ, ರಿಬ್ಬನ್ ಕತ್ತರಿಸಿ ಉದ್ಘಾಟನೆಯನ್ನೂ ಮುಗಿಸಿದ್ದರು. ಸ್ವೆಟರ್ ಮಾತ್ರ ಇರಲಿಲ್ಲ. ಜನ ಸಾಲುಗಟ್ಟಿ ಬಂದು ಖಾಲಿ ಪೆಟ್ಟಿಗೆ ನೋಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರಂತೆ. ಆದರೂ ಒಬ್ಬಿಬ್ಬರು ಪ್ರಶ್ನೆ ಕೇಳಲು ಶುರು ಮಾಡಿದ್ದರು.

“ಮೇಡಂ, ಬರೋ ಭಾನುವಾರ ಆ ಬಾಲ್ ಆಗಿಹೋಗ್ಲಿ,” ಎಂದರು ಕಾರ್ಯದರ್ಶಿ. “ವೇಗ ಅಳೆಯೋ ಮೆಷಿನ್ ನಾವೇ ತರ್ತೀವಿ. ಕೊನೇ ಬಾಲಿನ ವೇಗಾನ ಪೆಟ್ಟಿಗೆ ಮೇಲೆ ಬರೆಸ್ಬೇಕು.”

“ಮಂಡಿ ಹೋದ್ರೆ?”

“ಮಂಡೀನೂ ಇಡೋಣ ಮೇಡಂ. ಪೆಟ್ಟಿಗೆ ದೊಡ್ಡದಿದೆ.”

ಕೈಯಲ್ಲಿ ಸೌಟಿತ್ತು. ಹೇಗೋ ತಡೆದುಕೊಂಡೆ. ಇವರ ಮುಖ ನೋಡಿದರೆ, ಭಾನುವಾರ ಎಂಬ ಮಾತಿಗೇ ಹೊಳಪು ಬಂದಿತ್ತು. ಬೇಡ ಎಂದರೆ ಕೇಳುವ ಜೀವವಲ್ಲ ಇದು. ಅಷ್ಟರಲ್ಲಿ ಅಂಪೈರ್ ಒಂದು ತೊಡಕು ತೆಗೆದರು: ಎದುರಿಗೆ ಬ್ಯಾಟ್ ಹಿಡಿದವರು ಇಲ್ಲದಿದ್ದರೆ ಚೆಂಡು ಲೆಕ್ಕಕ್ಕೆ ಬರುವುದಿಲ್ಲ. ಅಂದಿನ ಬ್ಯಾಟ್ಸ್‌ಮನ್‌ಗೆ ಫೋನ್ ಮಾಡಿದರೆ, “ನಾನು ಗೆದ್ದಾಯ್ತಲ್ಲ, ನನಗ್ಯಾಕೆ ಈ ಉಸಾಬರಿ?” ಎಂದು ಇಟ್ಟುಬಿಟ್ಟ.

“ನಾನು ನಿಂತ್ಕೋತೀನಿ,” ಎಂದೆ.

ಹೆಂಡತಿ ಎದುರಿಗೆ ನಿಂತರೆ ಯಾವ ಗಂಡ ವೇಗವಾಗಿ ಎಸೆಯುತ್ತಾನೆ? ನಿಧಾನ ಮಾಡಲೇಬೇಕು. ಮಂಡಿ ಉಳಿಯುತ್ತದೆ, ಓವರ್ ಮುಗಿಯುತ್ತದೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಜಾಗವಾಗುತ್ತದೆ. ನನ್ನ ಬುದ್ಧಿಗೆ ನಾನೇ ಶಹಬಾಸ್ ಎಂದುಕೊಂಡೆ.

ಭಾನುವಾರ ಮನೆ ಮುಂದಿನ ರಸ್ತೆಯಲ್ಲಿ ಹೂವಿನ ಕುಂಡದಲ್ಲಿ ಮೂರು ಸ್ಟಂಪ್ ನೆಟ್ಟರು. ಬಾಲ್ಕನಿ, ಕಾಂಪೌಂಡು ಎಲ್ಲ ಕಡೆ ಜನ. ವಿಕೆಟ್‌ಕೀಪರ್ ನನಗೆ ಪ್ಯಾಡ್ ಕಟ್ಟಿ, ಹೆಲ್ಮೆಟ್ ಹಾಕಿ, ತಾನು ಮತ್ತೆ ಪಕ್ಕದ ಮನೆಯ ಗೇಟಿಗೆ ಹೋದ. ಮಗಳು ಔಷಧಿ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಳು. ಅಂಪೈರ್ ಕೋಟಿನ ಜೇಬಿನಿಂದ ವರ್ಷದ ಹಿಂದಿನ ಅದೇ ಚೆಂಡು ತೆಗೆದು ಇವರಿಗೆ ಕೊಟ್ಟರು.

“ಒಂದು ಬಾಲ್ ಬಾಕಿ,” ಎಂದು ಘೋಷಿಸಿ, ನನ್ನ ಕಡೆ ತಿರುಗಿ, “ಗಾರ್ಡ್ ಏನು ತಗೋತೀರಮ್ಮ? ಮಿಡಲ್ಲಾ, ಲೆಗ್ಗಾ?” ಎಂದರು. ಯಾವ ಸ್ಟಂಪಿನ ನೇರಕ್ಕೆ ಬ್ಯಾಟ್ ಊರುತ್ತೀರಿ ಎಂದು ಅದರ ಅರ್ಥವಂತೆ.

“ನನ್ನ ತಲೆ ತಗೋತೀನಿ. ಶುರು ಮಾಡ್ಸಿ.”

ಇವರು ರಸ್ತೆಯ ತಿರುವಿನಲ್ಲಿರುವ ಟೈಲರ್ ಅಂಗಡಿಯವರೆಗೆ ಹಿಂದಕ್ಕೆ ನಡೆದರು. ಅಲ್ಲಿ ತಿರುಗಿದರು. ಓಡತೊಡಗಿದರು.

ಅಲ್ಲಿಯವರೆಗೆ ನನಗೆ ಧೈರ್ಯವಿತ್ತು. ಅರ್ಧ ದಾರಿ ಬರುವಷ್ಟರಲ್ಲಿ ಎಲ್ಲ ಇಳಿದುಹೋಯಿತು. ಎದುರಿಗೆ ಬರುತ್ತಿದ್ದ ಮುಖ ನನಗೆ ಗೊತ್ತಿರುವ ಮುಖವಲ್ಲ. ಹಲ್ಲು ಕಚ್ಚಿದೆ, ಕಣ್ಣು ಸ್ಟಂಪಿನ ಮೇಲಿದೆ, ನಡುವೆ ನಿಂತಿರುವ ಹೆಂಡತಿ ಲೆಕ್ಕಕ್ಕೇ ಇಲ್ಲ. ಇವರಿಗೆ ನಾನು ಕಾಣಿಸುತ್ತಲೇ ಇಲ್ಲ ಎಂದು ಆಗ ತಿಳಿಯಿತು. ಭಯ ನನ್ನ ತಲೆಯ ಬಗ್ಗೆ ಅಷ್ಟಿರಲಿಲ್ಲ. ಆ ಮಂಡಿಯ ಬಗ್ಗೆ. “ರೀ!” ಎಂದು ಕೂಗಿದೆ. ಹೆಲ್ಮೆಟ್ ಒಳಗೆ ಅದು ನನಗೇ ಜೋರಾಗಿ ಕೇಳಿಸಿತು.

ಗೆರೆಯ ಹತ್ತಿರ ಬಂದಾಗ ಇವರು ನನ್ನನ್ನು ನೋಡಿದರು. ಹೆಜ್ಜೆ ತಡವರಿಸಿತು, ಓಟ ನಡಿಗೆಯಾಯಿತು. ಎಡಗಾಲನ್ನು ಗೆರೆಗಿಂತ ಬಹಳ ಹಿಂದೆ, ತೊಟ್ಟಿಲ ಮಗು ಏಳಬಾರದು ಎಂಬಷ್ಟು ಮೆತ್ತಗೆ ಇಟ್ಟು, ಚೆಂಡನ್ನು ಮೇಲಕ್ಕೆ ತೇಲಿಸಿಬಿಟ್ಟರು.

ಚೆಂಡು ಬಂತು, ಬಂತು, ಬರುತ್ತಲೇ ಇತ್ತು. ಬೀದಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಅಷ್ಟು ನಿಧಾನದ ಚೆಂಡನ್ನು ಬಿಟ್ಟರೆ ನನ್ನ ಮರ್ಯಾದೆಗೆ ಕುಂದಲ್ಲವೇ? ಜೋರಾಗಿ ಬೀಸಿದೆ. ನಾನು ಬೀಸಿ, ಗರ್ರನೆ ತಿರುಗಿ, ಸಾವರಿಸಿಕೊಂಡು ನಿಂತ ಮೇಲೆ ಚೆಂಡು ಬಂದು ಹೂಕುಂಡದ ನಡುವಿನ ಸ್ಟಂಪಿಗೆ ತಾಗಿತು. ವೇಗದ ಮೆಷಿನ್ ನಡಿಗೆಯನ್ನೆಲ್ಲ ಅಳೆಯುವುದಿಲ್ಲವಂತೆ, ಏನನ್ನೂ ತೋರಿಸಲಿಲ್ಲ. ಬಾಲ್ಕನಿಯಿಂದ ಯಾರೋ ಕಿಸಕ್ಕನೆ ನಕ್ಕರು.

ಅದೇ ನೋಡಿ ಆದ ಎಡವಟ್ಟು. ನನಗೆ ಸಿಟ್ಟು ನೆತ್ತಿಗೇರಿತು.

“ಇದು ಸರಿಯಿಲ್ಲ! ನಾನು ಸಿದ್ಧ ಇರ್ಲಿಲ್ಲ! ಇನ್ನೊಂದು ಹಾಕಿ!” ಎಂದು ಕಿರುಚಿಬಿಟ್ಟೆ.

ಅಂಪೈರ್ ಮುಖ ಅರಳಿತು. ಬಿಚ್ಚಲು ಹೊರಟಿದ್ದ ಸ್ವೆಟರಿನ ಗಂಟನ್ನು ಮತ್ತೆ ಬಿಗಿದುಕೊಂಡು, “ಬ್ಯಾಟ್ಸ್‌ಮನ್ ಸಿದ್ಧ ಇಲ್ದಿದ್ರೆ ಅದು ಡೆಡ್ ಬಾಲ್, ಲೆಕ್ಕಕ್ಕಿಲ್ಲ. ನಿಯಮದಲ್ಲಿ ಅವಕಾಶ ಇದೆ. ಒಂದು ಬಾಲ್ ಬಾಕಿ!” ಎಂದರು. ವಿಕೆಟ್‌ಕೀಪರ್ ಗೇಟಿನ ಬಳಿ ಮತ್ತೆ ಕುಕ್ಕರಿಸಿದ. ಕಾರ್ಯದರ್ಶಿ ಮೆಷಿನ್ ಸರಿ ಮಾಡಿಕೊಳ್ಳುತ್ತ, “ಈ ಸಲ ನಿಮ್ಮ ನಿಜವಾದ ವೇಗ ತೋರಿಸಿ ಸಾರ್!” ಎಂದು ಹುರಿದುಂಬಿಸಿದರು. ಮೆಟ್ಟಿಲ ಮೇಲೆ ಮಗಳು ಹಣೆ ಚಚ್ಚಿಕೊಂಡಳು.

ಆಗ ನನಗೆ ತಿಳಿಯಿತು, ನಾನೇನು ಮಾಡಿದೆ ಎಂದು. ಮುಚ್ಚುತ್ತಿದ್ದ ಬಾಗಿಲನ್ನು ನಾನೇ ಒದ್ದು ತೆರೆದಿದ್ದೆ.

ಇವರು ಚೆಂಡನ್ನು ಎತ್ತಿಕೊಂಡರು. ತೊಡೆಗೆ ತಿಕ್ಕಿದರು. ಟೈಲರ್ ಅಂಗಡಿಯ ಕಡೆ ನೋಡಿದರು. ಅಲ್ಲಿಯವರೆಗಿನ ದಾರಿಯನ್ನು ಜನ ತಾವಾಗಿಯೇ ಬಿಟ್ಟುಕೊಟ್ಟು ನಿಂತಿದ್ದರು. ಇವರು ಆ ದಾರಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಆಮೇಲೆ ಅಂಪೈರ್ ಬಳಿ ಹೋಗಿ ಚೆಂಡನ್ನು ಅವರ ಕೈಯಲ್ಲಿಟ್ಟರು.

“ಸಾಕು ಸಾರ್. ಅವಳು ಔಟು. ಓವರ್ ಅನ್ನಿ.”

ಇವರು ಅಂಪೈರ್ ಭುಜದ ಮೇಲೆ ಕೈಯಿಟ್ಟು ಕಾದರು. ಕೊನೆಗೆ ಅಂಪೈರ್ “ಓವರ್” ಎಂದರು. ನನಗೆ ಕೇಳಿಸಿದ್ದೇ ಕಷ್ಟ. ಸ್ವೆಟರಿನ ಗಂಟು ಬಿಚ್ಚಲು ಇಬ್ಬರೂ ಸೇರಿ ಒದ್ದಾಡಬೇಕಾಯಿತು. ಅದು ಇವರ ಕೈಗೆ ಬರುವಷ್ಟರಲ್ಲಿ ಕಾರ್ಯದರ್ಶಿ ಕಸಿದುಕೊಂಡು ಕಾರಿಗೆ ಓಡಿದರು. ಅಂಪೈರ್ ಬರಿದಾದ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆಯ ನಡುವೆ ನಿಂತಿದ್ದರು. ನಾನು ವರ್ಷವೆಲ್ಲ ಬೈದುಕೊಂಡ ಮನುಷ್ಯನ ಹತ್ತಿರ ಹೋದೆ.

“ಒಳಗೆ ಹೋಗಿ ಕೂತ್ಕೊಳ್ಳಿ,” ಎಂದೆ. “ಮಗಳು ಟೀ ಕೊಡ್ತಾಳೆ. ಈಗ ಕೂರಬಹುದಲ್ಲ?”

ಅವರು ನಿಯಮವನ್ನು ಯೋಚಿಸಿ ನೋಡಿ, ತಲೆಯಾಡಿಸಿ ಒಳಗೆ ಹೋದರು.

ಇವರು ನನ್ನ ಹತ್ತಿರ ಬಂದು ಬ್ಯಾಟ್ ತೆಗೆದುಕೊಂಡು ಗೋಡೆಗೆ ಒರಗಿಸಿದರು. “ನಡಿ,” ಎಂದರು.

“ಎಲ್ಲಿಗೆ?”

“ಎಲ್ಲಿಗಾದ್ರೂ. ಒಂದು ಸುತ್ತು ಹೋಗ್ಬರೋಣ.”

ಪ್ಯಾಡ್ ಬಿಚ್ಚುತ್ತ ಕೂತರೆ ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ಹಾಗೆಯೇ ಹೊರಟೆ. ಹೆಲ್ಮೆಟ್ ಒಳಗೆ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಹೋಗುತ್ತಿರಲಿಲ್ಲ. ಪ್ಯಾಡ್‌ಗಳು ಒಂದಕ್ಕೊಂದು ಟಪಟಪ ಬಡಿದುಕೊಳ್ಳುತ್ತಿದ್ದವು. ಇವರು ನನಗಿಂತ ಅರ್ಧ ಹೆಜ್ಜೆ ಹಿಂದೆ, ಎಡಗಾಲನ್ನು ಕೊಂಚ ಎಳೆಯುತ್ತ ಬರುತ್ತಿದ್ದರು. ಟೈಲರ್ ಅಂಗಡಿ ದಾಟಿ ಮುಂದಿನ ರಸ್ತೆಗೆ ಬಂದಾಗ ನನ್ನ ತೋಳು ಹಿಡಿದುಕೊಂಡರು.

“ಸ್ವಲ್ಪ ನಿಧಾನ ಕಣೇ,” ಎಂದರು.

ಅಷ್ಟು ವರ್ಷದಲ್ಲಿ ಇವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಾನು ನಿಧಾನ ಮಾಡಿದೆ.