ಒಂದು ಬಿಲ್ಲೆ ಮಿಕ್ಕಿತು

ಫೋರ್‌ಮನ್ ತನ್ನ ಹೆಂಡತಿಯನ್ನು ನೋಡುವುದಕ್ಕೆ ಮೊದಲೇ ಅವಳ ದನಿ ಕೇಳಿದ್ದ. ಆಗ ಅವಳು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡವಾಗಿದೆ ಎಂದು ಮೈಕಿನಲ್ಲಿ ಹೇಳುತ್ತಿದ್ದಳು. ಬಸ್ಸು ತಡ ಎಂಬ ಸುದ್ದಿಯನ್ನು ಅಷ್ಟು ಚೆಂದವಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ಬೈಯಲು ಬಾಯಿ ತೆರೆದವರು ಅವಳ ದನಿ ಕೇಳಿ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಈ ಮಹಾರಾಯ ಅದಕ್ಕೆಂದೇ ತನ್ನ ಬಸ್ಸನ್ನು ಬಿಟ್ಟುಕೊಟ್ಟು ಮುಂದಿನದಕ್ಕೆ ಕಾಯುತ್ತಿದ್ದ. ಮದುವೆಯಾದ ಮೇಲೆ ಮಾತ್ರ ಆ ದನಿಗೆ ಅವನು ಹೆಚ್ಚಾಗಿ ಹೇಳಿದ್ದು ಎರಡೇ ಪದ: "ನೀನು ಸುಮ್ನಿರು."

ಕೆಟ್ಟವನಲ್ಲ ಪಾಪ. ಬಿಸ್ಕತ್ತಿನ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ಹಗಲೆಲ್ಲ ಯಂತ್ರಗಳ ಎದುರು ಗಂಟಲು ಹರಿದುಕೊಂಡು ಮನೆಗೆ ಬಂದವನಿಗೆ ಒಂದಿಷ್ಟು ನಿಶ್ಶಬ್ದ ಬೇಕಾಗುತ್ತಿತ್ತು. ಆಮೇಲೆ ಆ ಮಾತೇ ಬಾಯಿಗೆ ಅಂಟಿಕೊಂಡಿತು. ಸೊಸೆಯ ದನಿ ಊರಿಗೆಲ್ಲ ಕೇಳುವುದು ಅವನ ತಾಯಿಗೆ ಸೇರದೆ ಅವಳು ನಿಲ್ದಾಣದ ಕೆಲಸ ಬಿಟ್ಟಾಗಲೂ ಅವನು ಹೇಳಿದ್ದು ಅದನ್ನೇ. ಈಗ ತಾಯಿಯೂ ಇಲ್ಲ, ಕಾರ್ಖಾನೆಯೂ ಇಲ್ಲ. ಅದು ಬಾಗಿಲು ಮುಚ್ಚಿದ ಮೇಲೂ ಬೀದಿಯ ಜನ ಅವನನ್ನು ಫೋರ್‌ಮನ್ ಎಂದೇ ಕರೆಯುತ್ತಿದ್ದರು. ಕರೆದಾಗಲೆಲ್ಲ ಅವನಿಗೆ ಎಲ್ಲೋ ಚುಚ್ಚುತ್ತಿತ್ತು.

ಅಂಥ ಹೊತ್ತಿನಲ್ಲಿ ಹೆಂಡತಿಗೆ ಕೆಲಸವೊಂದು ಒದಗಿ ಬಂತು. ದೊಡ್ಡ ಆಸ್ಪತ್ರೆಯೊಂದಕ್ಕೆ ಬರುವ ಫೋನುಗಳನ್ನು ಮನೆಯಲ್ಲೇ ಕೂತು ಎತ್ತಿಕೊಂಡು, ಕಂಪ್ಯೂಟರಿನಲ್ಲಿ ನೋಡಿ, ಯಾವ ಡಾಕ್ಟರು ಯಾವಾಗ ಸಿಗುತ್ತಾರೆಂದು ಹೇಳುವುದು. ಅದಕ್ಕೆ ಜನರನ್ನು ಆರಿಸುವ ಕಂಪನಿಯವರು ಅವಳ ದನಿಯ ತುಣುಕನ್ನು ಕೇಳಿ, ತುಂಬ ಹಿಡಿಸಿತು ಎಂದು ಬರೆದಿದ್ದರು. ಆದರೆ ಕಟ್ಟುನಿಟ್ಟು ಬಹಳ. ಮೊಬೈಲ್ ಆಗದು, ತಂತಿಯ ಫೋನೇ ಬೇಕು. ಇಂಟರ್ನೆಟ್ಟೂ ತಂತಿಯಲ್ಲೇ ಬರಬೇಕು. ಬೇರೆ ಕೋಣೆ, ಹಿಂದೆ ಮುಂದೆ ಯಾರ ಸದ್ದೂ ಕೇಳಬಾರದು. ಸೋಮವಾರ ಬೆಳಿಗ್ಗೆ ಒಂದು ಪರೀಕ್ಷೆಯ ಕರೆ ಬರುತ್ತದೆ, ಒಂದೇ ಒಂದು, ಅದರಲ್ಲಿ ಗೆದ್ದವರಿಗೆ ಕೆಲಸ.

ಅವಳು ಆ ಕಾಗದವನ್ನು ಓದಿ ಹೇಳುವಾಗ ಮುಖ ಹೇಗಿತ್ತು ಅಂತೀರಿ! ಗಾಜಿನ ಗೂಡು ಬಿಟ್ಟ ಮೇಲೆ ಆ ಮುಖವನ್ನು ಫೋರ್‌ಮನ್ ನೋಡಿಯೇ ಇರಲಿಲ್ಲ.

"ನನ್ನ ತಮ್ಮನ ಸ್ನೇಹಿತ ಇದಾನಲ್ಲ, ಇದೇ ಕೆಲಸ ಮಾಡೋನು. ಬಂದು ಒಂದು ಗಂಟೇಲಿ ತಂತಿ ಎಳೆದು ಹೋಗ್ತಾನೆ ರೀ," ಅಂದಳು.

ಅಷ್ಟೇ ಸಾಕಾಯಿತು. ಭಾಮೈದನ ಹೆಸರೆತ್ತಿದರೆ ಫೋರ್‌ಮನ್‌ಗೆ ಮೈಯೆಲ್ಲ ಉರಿ. ಕಾರ್ಖಾನೆ ಮುಚ್ಚಿದ ವಾರವೇ ಬಂದು, "ಭಾವ, ಇನ್ನು ಅಕ್ಕನ ಸೆರಗು ಹಿಡ್ಕೊಂಡು ಓಡಾಡಿ," ಎಂದು ಹಲ್ಲು ಬಿಟ್ಟು ನಕ್ಕಿದ್ದ ಆಸಾಮಿ ಅವನು.

"ನಾನೇ ಎಳೀತೀನಿ. ಅಷ್ಟು ದೊಡ್ಡ ಯಂತ್ರಗಳನ್ನ ಬಿಚ್ಚಿ ಜೋಡಿಸಿದೋನಿಗೆ ಈ ಜುಜುಬಿ ದಾರ ಒಂದು ಲೆಕ್ಕಾನಾ?"

"ಅದಲ್ಲ ರೀ, ಇದು ಬೇರೆ ಥರದ..."

"ನೀನು ಸುಮ್ನಿರು."

ನಿಜ ಹೇಳಬೇಕೆಂದರೆ ಅವನು ಯಂತ್ರಗಳನ್ನು ಬಿಚ್ಚಿದವನಲ್ಲ, ಬಿಚ್ಚುವವರ ಹಿಂದೆ ಕೈಕಟ್ಟಿ ನಿಂತವನು. ಆದರೆ ಹೆಂಡತಿಗೆ ತನ್ನ ಕೈಯಾರೆ ಏನಾದರೂ ಮಾಡಿಕೊಡಬೇಕೆಂಬ ಆಸೆ ಮಾತ್ರ ಅಪ್ಪಟವಾಗಿತ್ತು. ಮನೆಗೆ ಬೇಡವಾದವನು ಅನ್ನಿಸಿಕೊಂಡು ಕೂರುವುದು ಅವನಿಂದ ಆಗುತ್ತಿರಲಿಲ್ಲ.

ಫೋನಿನ ತಂತಿ ಬೀದಿಯಿಂದ ಬಂದು ಹಜಾರದ ಬಾಗಿಲ ಪಕ್ಕದ ಫೋನಿಗೇ ನಿಲ್ಲುತ್ತಿತ್ತು. ಇಂಟರ್ನೆಟ್ಟಿನ ಪೆಟ್ಟಿಗೆಯೂ ಅಲ್ಲೇ ಇತ್ತು. ಎರಡರಿಂದಲೂ ಒಂದೊಂದು ತಂತಿಯನ್ನು ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಹಾಯಿಸಿ ಅಟ್ಟದ ಕೋಣೆಗೆ ಮುಟ್ಟಿಸಬೇಕು. ಅವನು ಮೊಬೈಲಿನಲ್ಲಿ ವೀಡಿಯೋ ನೋಡಿದ, ಅಂಗಡಿಗೆ ಹೋಗಿ ಬಿಳಿ ತಂತಿಯ ಸುರುಳಿ, ಮೊಳೆ ಹೊಡೆಯುವ ಕ್ಲಿಪ್ಪು, ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್ಗು, ಅದನ್ನು ಒತ್ತುವ ಇಕ್ಕಳ ತಂದ. ವೀಡಿಯೋದ ಹುಡುಗ ಎರಡು ಮಾತಾಡುವಷ್ಟರಲ್ಲಿ ಮುಗಿಸಿದ್ದನ್ನು ಇವನು ಬೆಳಿಗ್ಗೆ ಹಿಡಿದು ಸಂಜೆಯಾದರೂ ಮುಗಿಸಲಿಲ್ಲ. ತಂತಿಯ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ, ಒಂದೊಂದಕ್ಕೆ ಒಂದೊಂದು ಬಣ್ಣ, ಹೇಳಿದ ಸಾಲಿನಲ್ಲೇ ಕೂರಬೇಕು. ಏಳು ಕೂತರೆ ಎಂಟನೆಯದು ಹೊರಗೆ ನೆಗೆಯುತ್ತಿತ್ತು. ಅದನ್ನು ತುರುಕಿದರೆ ಹಸಿರು ಹೋಗಿ ನೀಲಿಯ ಜಾಗದಲ್ಲಿ ಕೂರುತ್ತಿತ್ತು. ಕತ್ತರಿಸಿ ಕತ್ತರಿಸಿ ತಂತಿ ಗಿಡ್ಡವಾಗುತ್ತ ಬಂದು, ಕೊನೆಗೆ ಅಟ್ಟದ ಕೋಣೆಯ ಮೇಜನ್ನೇ ಬಾಗಿಲ ಹತ್ತಿರ ಎಳೆದುಕೊಳ್ಳಬೇಕಾಯಿತು.

"ಮೇಜು ಅಲ್ಲೇ ಚೆನ್ನಾಗಿರುತ್ತೆ, ಗಾಳಿ ಬರುತ್ತೆ," ಅಂದ.

"ಹೌದೌದು," ಅಂದಳು ಅವಳು. ನಕ್ಕಳೋ ಇಲ್ಲವೋ ಅವನು ನೋಡಲಿಲ್ಲ.

ಅಂತೂ ಇಂಟರ್ನೆಟ್ಟು ಬಂತು. ಪೆಟ್ಟಿಗೆಯ ಮೇಲೆ ಹಸಿರು ದೀಪ ಮಿನುಗಿದಾಗ ಫೋರ್‌ಮನ್ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡ. ಕಾರ್ಖಾನೆ ಮುಚ್ಚಿದ ಮೇಲೆ ಅಷ್ಟು ಖುಷಿ ಅವನಿಗೆ ಆಗಿರಲೇ ಇಲ್ಲ.

ಮರುದಿನ ಫೋನಿನ ಸರದಿ. ತಂತಿ ಮೂರನೇ ಸಲಕ್ಕೇ ಕೂತಿತು, ಎರಡೇ ಎಳೆ ತಾನೆ. ಅಟ್ಟದ ಕೋಣೆಗೆ ತಾಯಿಯ ಕಾಲದ ಹಳೆಯ ಫೋನನ್ನು ಟ್ರಂಕಿನಿಂದ ತೆಗೆದ. ಕೈಯಲ್ಲಿ ಹಿಡಿದರೆ ಒಳ್ಳೆ ತೂಕ, ಅದರ ಮುಂದೆ ಹೊಸ ಫೋನುಗಳೆಲ್ಲ ಆಟಿಕೆ. ಧೂಳು ತುಂಬಿತ್ತೆಂದು ಕಿವಿಯ ಮುಚ್ಚಳ, ಬಾಯಿಯ ಮುಚ್ಚಳ ಎರಡನ್ನೂ ತಿರುಗಿಸಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬಿಗಿದ. ಹೆಂಡತಿ ಚಾ ತಂದಿಟ್ಟವಳು ಮೇಜಿನಿಂದ ಏನನ್ನೋ ಎತ್ತಿಕೊಂಡಳು. ಗುಂಡಗಿನ ಒಂದು ಲೋಹದ ಬಿಲ್ಲೆ. ಅಲ್ಲಾಡಿಸಿದರೆ ಒಳಗೆ ಪುಡಿ ಸರಪರ ಅನ್ನುತ್ತಿತ್ತು.

"ಇದು ಯಾವುದ್ರದ್ದು ರೀ?"

"ಬಿಚ್ಚಿ ಜೋಡಿಸಿದ ಮೇಲೆ ಒಂದೆರಡು ಸಾಮಾನು ಮಿಕ್ಕೇ ಮಿಗ್ತವೆ. ಕಾರ್ಖಾನೇಲಿ ಬುಟ್ಟಿಗಟ್ಟಲೆ ಮಿಗ್ತಿತ್ತು."

"ಇಲ್ಲ, ಫೋನಿಂದೇ ಬಿತ್ತು ಅನ್ಸುತ್ತೆ. ನೋಡಿ, ಬಾಯಿ ಹತ್ತಿರ..."

"ಅಯ್ಯೋ, ನೀನು ಸುಮ್ನಿರೇ!"

ಅವಳ ಕೈಯಿಂದ ಬಿಲ್ಲೆಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಫೋನು ಎತ್ತಿ ಕಿವಿಗಿಟ್ಟ. ಗೊಂಯ್ ಎಂದು ದಪ್ಪ ಸದ್ದು ಬಂತು. ಮೊಬೈಲಿನಿಂದ ಕರೆ ಮಾಡಿದ, ಕೆಳಗೂ ಮೇಲೂ ಒಟ್ಟಿಗೆ ಗಂಟೆ ಹೊಡೆಯಿತು. ಹಳೇ ಫೋನನ್ನು ಕಿವಿಗೆ ಎತ್ತಿಕೊಂಡು, ಮೊಬೈಲಿಗೆ ಬಾಯಿಟ್ಟು "ಹಲೋ ಹಲೋ, ಫೋರ್‌ಮನ್ ಮಾತಾಡೋದು" ಅಂದದ್ದು ಈ ಕಿವಿಯಲ್ಲಿ ಗಣಗಣ ಕೇಳಿಸಿತು. ಇನ್ನೇನು ಬೇಕು! ಹಳೇ ಫೋನಿಗೆ ಬಾಯಿಟ್ಟು ಒಂದು ಮಾತಾಡಿ ನೋಡಬೇಕೆಂದು ಆ ತಲೆಗೆ ಹೊಳೆಯಲೇ ಇಲ್ಲ.

"ತಮ್ಮನಿಗೆ ಒಂದು ಫೋನ್ ಹಚ್ಚಿ ಮಾತಾಡಿ ನೋಡ್ಲಾ?" ಎಂದು ಅವಳು ಕೇಳಿದಳು.

"ಅವನಿಗಾ? ನಾನು ಮಾಡಿದ ಕೆಲಸಕ್ಕೆ ಅವನು ಸರ್ಟಿಫಿಕೇಟ್ ಕೊಡ್ಬೇಕಾ?"

ಅವಳು ಮತ್ತೆ ಕೇಳಲಿಲ್ಲ. ಅವನು ಅಟ್ಟದ ಬಾಗಿಲಿಗೆ ಎರಡು ಹಳೇ ಕಂಬಳಿ ಹೊಡೆದು, ಸಂದಿಗೆಲ್ಲ ಚಿಂದಿ ತುರುಕಿದ. ಒಳಗಿನ ಸದ್ದು ಹೊರಗಿಲ್ಲ, ಹೊರಗಿನದು ಒಳಗಿಲ್ಲ.

ಸೋಮವಾರ ಅವಳು ತಲೆ ಬಾಚಿ, ಮದುವೆ ಮನೆಗೆ ಹೋಗುವಾಗ ಉಡುವ ಸೀರೆ ಉಟ್ಟು ಬಂದಳು.

"ಫೋನಲ್ಲಿ ಸೀರೆ ಕಾಣುತ್ತೇನೆ?" ಎಂದು ಅವನು ಚೇಷ್ಟೆ ಮಾಡಿದ.

"ದನಿಗೆ ಗೊತ್ತಾಗುತ್ತೆ ರೀ," ಅಂದಳು. ಮೆಟ್ಟಿಲು ಹತ್ತುತ್ತ ಬಾಯಿಪಾಠ ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದಳು: "ನಮಸ್ಕಾರ, ಆಸ್ಪತ್ರೆಗೆ ಸ್ವಾಗತ. ಹೇಳಿ, ನಿಮಗೆ ಹೇಗೆ ಸಹಾಯ ಮಾಡಲಿ?" ಅದೇ ಹಳೆಯ ದನಿ, ಸ್ವಲ್ಪವೂ ಮಾಸಿರಲಿಲ್ಲ. ಫೋರ್‌ಮನ್ ಕೆಳಗೆ ನಿಂತು ಕೇಳಿಸಿಕೊಂಡ. ಆಹಾ, ಇವಳನ್ನು ಬಿಟ್ಟು ಇನ್ಯಾರನ್ನು ತಗೋತಾರೆ ಅಂದುಕೊಂಡ. ಬಾಗಿಲು ಮುಚ್ಚಿತು, ದನಿ ನಿಂತಿತು.

ಹೇಳಿದ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯಿತು. ಎರಡು ಸಲ ಹೊಡೆದು ನಿಂತಿತು. ಎತ್ತಿಕೊಂಡಳು! ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದೇ ಒಂದು ಗಳಿಗೆ ಕೇಳಿ ಇಟ್ಟುಬಿಡುತ್ತೇನೆ ಎಂದು ಹಜಾರದ ಫೋನನ್ನು ಮೆಲ್ಲಗೆ ಎತ್ತಿ ಕಿವಿಗಿಟ್ಟುಕೊಂಡ.

"ಹಲೋ?" ಅಂದಿತು ಒಂದು ಹೆಣ್ಣು ದನಿ, ಹೆಂಡತಿಯದಲ್ಲ. "ಹಲೋ, ಕೇಳಿಸ್ತಾ ಇದೆಯಾ? ನಾವು ಪರೀಕ್ಷೆಗೆ ಕರೆ ಮಾಡಿರೋದು. ಹಲೋ?"

ಉತ್ತರವಿಲ್ಲ.

"ಮೇಡಂ, ನೀವು ಎತ್ತಿಕೊಂಡಿದ್ದು ಗೊತ್ತಾಗಿದೆ. ದಯವಿಟ್ಟು ಮಾತಾಡಿ."

ಉತ್ತರವಿಲ್ಲ. ಫೋರ್‌ಮನ್ ಅಟ್ಟದ ಕಡೆ ಕತ್ತೆತ್ತಿದ. ಇದೇನಾಯಿತು ಇವಳಿಗೆ? ಇಷ್ಟು ಹೊತ್ತೂ ಗಿಳಿಯ ಹಾಗೆ ಒಪ್ಪಿಸುತ್ತಿದ್ದವಳು! ಹೆದರಿಬಿಟ್ಟಳು, ಖಂಡಿತ ಹೆದರಿಬಿಟ್ಟಳು, ಎಷ್ಟಾದರೂ ಬಿಟ್ಟುಹೋದ ಅಭ್ಯಾಸ. ಆ ಕಡೆಯವಳು ಇನ್ನೊಮ್ಮೆ ಹಲೋ ಅಂದಳು. ಫೋನು ಇಡುವ ಮುಂಚಿನ ಹಲೋ ಅದು. ಅವನಿಗೆ ಕೈಕಾಲು ಆಡಲಿಲ್ಲ, ಬಾಯಿ ಮಾತ್ರ ಆಡಿತು.

"ಏ, ಮಾತಾಡೇ! ಬಾಯಿ ಹೊಲ್ಕೊಂಡಿದ್ದೀಯೇನೇ? ಮಾತಾಡು!"

ಆ ಕಡೆಯವಳು ಕೇಳಿದಳು: "ಯಾರ್ ಸರ್ ನೀವು?"

"ನಾನು... ಅವಳ ಗಂಡ ಮೇಡಂ. ಇಡಬೇಡಿ. ಅವಳು ಅಲ್ಲೇ ಇದಾಳೆ. ಅವಳಿಗೆ ಹೆದರಿಕೆ ಮೇಡಂ, ಅಷ್ಟೇ. ಮಾತಾಡೋಕೆ ಧೈರ್ಯ ಸಾಲ್ತಾ ಇಲ್ಲ, ಮನೇಲೇ ಇದ್ದೋಳು ನೋಡಿ. ಒಂದ್ನಿಮಿಷ, ನಾನು ಹೇಳ್ತೀನಿ ಅವಳಿಗೆ..."

"ಸರಿ ಸರ್. ಗೊತ್ತಾಯ್ತು. ಧನ್ಯವಾದ," ಎಂದು ದನಿ ತಣ್ಣಗೆ ಹೇಳಿತು. ಕಟ್ ಎಂದಿತು.

ಅವನು ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಬಿಲ್ಲೆ. ಅಂಗಿ ಅದೇ ಅಂಗಿ. ಬೆರಳುಗಳ ನಡುವೆ ಅದು ಸರಪರ ಅಂದಿತು. ಫೋನಿಗೆ ಕಿವಿಯ ಕಡೆ ಒಂದು ಬಿಲ್ಲೆ, ಬಾಯಿಯ ಕಡೆ ಮಾತು ಹಿಡಿಯುವುದೊಂದು; ಆ ಬಾಯಿಯದು ಇಷ್ಟು ಹೊತ್ತೂ ತನ್ನ ಜೇಬಿನಲ್ಲಿತ್ತು. ಅರ್ಥವಾಗಲು ಯಾವ ವೀಡಿಯೋವೂ ಬೇಕಾಗಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದ. ತಾನೇ ತುರುಕಿದ ಚಿಂದಿಗೆ ಬಾಗಿಲು ಸಿಕ್ಕಿಕೊಂಡು ತೆರೆಯಲಿಲ್ಲ, ಭುಜ ಕೊಟ್ಟು ತಳ್ಳಿದ.

ಅವಳು ಇನ್ನೂ ಫೋನು ಹಿಡಿದೇ ಕೂತಿದ್ದಳು. "ನಮಸ್ಕಾರ, ಆಸ್ಪತ್ರೆಗೆ ಸ್ವಾಗತ," ಅನ್ನುತ್ತಿದ್ದಳು. ದನಿ ಒಡೆದಿತ್ತು. ಎಷ್ಟು ಸಲ ಹೇಳಿದ್ದಳೋ ಏನೋ. ಅವನನ್ನು ನೋಡಿ ನಿಲ್ಲಿಸಿದಳು. ಅವನ ಕೈಯಲ್ಲಿದ್ದ ಬಿಲ್ಲೆಯನ್ನೂ ನೋಡಿದಳು.

"ನನಗೆ ಎಲ್ಲ ಕೇಳಿಸ್ತಾ ಇತ್ತು," ಅಂದಳು. "ಅವರದ್ದೂ, ನಿಮ್ಮದೂ."

ಅವನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವಳ ಕೈಯಿಂದ ಫೋನು ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಬಿಲ್ಲೆಯನ್ನು ಅದರ ಗುಳಿಯಲ್ಲಿ ಕೂರಿಸಿದ. ಎಷ್ಟು ಸರಿಯಾಗಿ ಕೂತಿತು! ಇಷ್ಟು ದಿನದ ಕೆಲಸದಲ್ಲಿ ಮೊದಲ ಯತ್ನಕ್ಕೇ ಕೂತದ್ದು ಅದೊಂದೇ. ಅದೇ ಫೋನಿನಿಂದ ಕಂಪನಿಗೆ ಮತ್ತೆ ಮತ್ತೆ ಕರೆ ಮಾಡಿದ. ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ ಎಂದು ಯಂತ್ರ ಹೇಳಿತು. ಕಾದ. ಬೇಡಿಕೊಳ್ಳಲು ಎದುರಿಗೊಂದು ಮನುಷ್ಯನ ಕಿವಿ ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದ.

ಅಷ್ಟರಲ್ಲಿ ಕಂಪ್ಯೂಟರು ಟಣ್ ಎಂದಿತು. ಅವನೆಳೆದ ತಂತಿಯಲ್ಲಿ, ಒಂದಿಷ್ಟೂ ತಡವಿಲ್ಲದೆ, ಕಂಪನಿಯ ಉತ್ತರ ಬಂದಿತ್ತು. ಅವಳು ಅದನ್ನು ಗಟ್ಟಿಯಾಗಿ ಓದಲಿಲ್ಲ. ಅವನೇ ಭುಜದ ಮೇಲಿಂದ ಬಗ್ಗಿ ಓದಿಕೊಂಡ. ನಿಮ್ಮ ಮನೆಯ ವಾತಾವರಣ ಈ ಕೆಲಸಕ್ಕೆ ಸೂಕ್ತವಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಫೋನಿನ ಬಗ್ಗೆ, ತಂತಿಯ ಬಗ್ಗೆ ಒಂದಕ್ಷರವಿರಲಿಲ್ಲ.

"ನಾನು ಬರೀತೀನಿ ಅವರಿಗೆ," ಅಂದ. "ತಪ್ಪು ನನ್ನದು ಅಂತ ಬರೀತೀನಿ. ನಿನ್ನ ತಮ್ಮನ್ನ ಕೇಳ್ತೀನಿ, ಅವನ ಸ್ನೇಹಿತನಿಗೆ ಯಾರಾದ್ರೂ ಗೊತ್ತಿರಬಹುದು. ಏನಾದ್ರೂ ಹೇಳೇ. ಬೈಯಿ ಬೇಕಾದ್ರೆ."

ಅವಳು ಸೀರೆಯ ಸೆರಗನ್ನು ತೊಡೆಯ ಮೇಲೆ ಮಡಿಸುತ್ತ ಕೂತಿದ್ದಳು. ಬೈಯಲಿಲ್ಲ. ಅತ್ತಿದ್ದರೂ ಅವನು ತಡೆದುಕೊಳ್ಳುತ್ತಿದ್ದ, ಅಳಲೂ ಇಲ್ಲ.

ಏನು ಮಾಡಬೇಕೆಂದು ತೋಚದೆ, ಮಾಡಲು ಉಳಿದ ಒಂದೇ ಕೆಲಸವನ್ನು ಅವನು ಹಿಡಿದುಕೊಂಡ. "ಈಗ ಸರಿಯಾಗಿದೆ ಅದು. ನಾನು ಕೆಳಗೆ ಹೋಗಿ ಎತ್ತಿಕೊಳ್ತೀನಿ, ನೀನು ಇಲ್ಲಿಂದ ಒಂದು ಮಾತು ಹೇಳು. ಒಂದೇ ಮಾತು. ಕೇಳಿಸುತ್ತೋ ಇಲ್ವೋ ನೋಡೋಣ," ಎಂದು ಅವಳ ಕೈಗೆ ಫೋನು ಕೊಟ್ಟ. ಅವಳು ತೆಗೆದುಕೊಂಡು ಕಿವಿಗಿಟ್ಟುಕೊಂಡಳು. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು.

ಅವನು ಇಳಿದುಹೋಗಿ ಹಜಾರದ ಫೋನೆತ್ತಿದ. ಗೊಂಯ್ ಸದ್ದು ನಿಲ್ಲಲೆಂದು ಒಂದು ಅಂಕಿ ಒತ್ತಿದ. ತಂತಿ ತಿಳಿಯಾಯಿತು. ಎಂಥ ಲೈನು ಅಂತೀರಿ! ಒಂದು ಗರಗರವಿಲ್ಲ, ಒಂದು ಕಟಕಟವಿಲ್ಲ. ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಬಳೆಯೊಂದು ಮೇಜಿಗೆ ತಾಗಿದ್ದು ಕೇಳಿಸಿತು. ಅವಳು ಉಸಿರು ಒಳಗೆಳೆದುಕೊಂಡದ್ದು, ಬಿಟ್ಟದ್ದು, ಕಿವಿಯ ಪಕ್ಕವೇ ಕೂತಿದ್ದಾಳೇನೋ ಅನ್ನುವಷ್ಟು ಸ್ಪಷ್ಟವಾಗಿ ಕೇಳಿಸಿತು.

"ಹಲೋ," ಅಂದ ಫೋರ್‌ಮನ್.

ಉಸಿರು ಕೇಳಿಸುತ್ತಿತ್ತು.

"ಹಲೋ? ಕೇಳಿಸ್ತಾ ಇದೆಯಾ? ಮಾತಾಡು." ಅವನು ಕಾದ. "ದಯವಿಟ್ಟು ಮಾತಾಡು," ಅಂದ, ಮತ್ತೆ ಕಾಯುತ್ತ ನಿಂತ.