ಕೋಟೆಬಾಗಿಲ ಕಟ್ಟಳೆ

“ಇಂಜಿನ್ ಆರ್ಸಪ್ಪಾ! ಬಾಗ್ಲಲ್ಲಿ ಗಾಡಿ ಓಡಂಗಿಲ್ಲ!”

ಬಾಗಿಲು ಕಾಯುವ ಮುದುಕ ನಾರಪ್ಪ ಕೋಲು ಅಡ್ಡ ಹಿಡಿದೇಬಿಟ್ಟ. ಹಿಂದೂಪುರದ ಆಸ್ಪತ್ರೆಯಿಂದ ಹೆಣ ತಂದಿದ್ದ ವ್ಯಾನು ಗಕ್ಕನೆ ನಿಂತಿತು. ಒಳಗಿರುವುದು ಸಾಕ್ಷಾತ್ ದೊರೆ ನರಸಿಂಹಪ್ಪ ಎಂದು ಹೊಳೆದಾಗ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಊರೆಲ್ಲ ಕೇಳಿಸಿಕೊಂಡಾಗಿತ್ತು.

ದೊರೆಯಂತೆ ದೊರೆ! ಕುಂದುರ್ಪಿ ಕಡೆಯ ಈ ಪುಟ್ಟ ಕೋಟೆಯನ್ನು ಮುತ್ತಜ್ಜ ಮಕ್ಕಳಿಗೆ ಹಂಚಿ, ಅವರು ತಮ್ಮ ಮಕ್ಕಳಿಗೆ ಹಂಚಿ, ಈತನ ಪಾಲಿಗೆ ಉಳಿದದ್ದು ಒಂದು ಬಾಗಿಲು, ಒಂದು ಓಣಿ. ಗೋಡೆಯ ಕಲ್ಲನ್ನೆಲ್ಲ ಕ್ರಷರ್‌ಗೆ ಮಾರಿ ತಿಂದ. ಬಾಗಿಲನ್ನು ಮಾತ್ರ ಮಾರಲಿಲ್ಲ. ಎರಡು ಬಂಡೆಗಳ ನಡುವಿನ ಆ ಬಾಗಿಲು ಬಿಟ್ಟರೆ ಊರಿಗೆ ಬೇರೆ ದಾರಿಯಿಲ್ಲ. ಅದರಡಿ ಯಾರೂ ಗಾಡಿಯಲ್ಲಿ ಕೂತು ಹೋಗಬಾರದು, ಇಂಜಿನ್ ಆರಿಸಿ ತಳ್ಳಬೇಕು. ಪೇಟ ಸುತ್ತಿ ಜಗಲಿಯ ಮೇಲೆ ಕೂತು ಅದನ್ನು ನೋಡುವುದೇ ಈತನ ರಾಜ್ಯಭಾರ. ಥೂ!

ಮಗ ಯುವರಾಜ್ ವ್ಯಾನಿನಿಂದ ಇಳಿದ. ಇಂಜಿನ್ ಹಾಕಿಕೊಂಡು ಹೋದರೆ ಅಪ್ಪನ ಕಟ್ಟಳೆ ಇವತ್ತಿಗೇ ಮುಗಿಯಿತು. ನಾಳೆ ತಾನು ಯಾವ ಸೀಮೆಯ ದೊರೆ?

“ಚೌಡಣ್ಣ, ದೊರೆ ಮನೆ ಹೆಣಕ್ಕೆ ತಾತನ ಕಾಲದಿಂದ್ಲೂ ನಿಮ್ಮನೆಯೋರೇ ಮೊದ್ಲು ಕೈ ಹಾಕ್ಬೇಕು, ಗೊತ್ತಲ್ಲ? ಬಾ, ತಳ್ಳು.”

ಬಾಗಿಲ ಒಳಗಡೆ ಆಟೋ ನಿಲ್ಲಿಸಿಕೊಂಡಿದ್ದ ಚೌಡಣ್ಣ ಕದಲಲಿಲ್ಲ. ಆಟೋದಲ್ಲಿದ್ದ ಮಗಳು ಭಾರ್ಗವಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

*

ಹೋದ ವರ್ಷ ಹೆರಿಗೆ ನೋವು ಎದ್ದ ಭಾರ್ಗವಿಯನ್ನು ಕಲ್ಯಾಣದುರ್ಗದ ಆಸ್ಪತ್ರೆಗೆ ಆಟೋದಲ್ಲಿ ಒಯ್ಯುವಾಗ ಇದೇ ಬಾಗಿಲು ಅಡ್ಡ ಬಂದಿತ್ತು. ಚೌಡಣ್ಣ ಕೈಮುಗಿದಿದ್ದ.

“ದೊರಾ, ಇವತ್ತೊಂದಿನ ಬುಟ್ಬುಡಿ. ಮಗಳು ತಡ್ಕಳಾಕಿಲ್ಲ.”

ದೊರೆ ಎಲೆಯಡಿಕೆ ಉಗಿದು, “ಇಳಿದು ನಡೀಲಿ” ಎಂದ.

ಚೌಡಣ್ಣ ತಾನೇ ಅವಳ ರಟ್ಟೆ ಹಿಡಿದು ಇಳಿಸಿದ. ಬಾಗಿಲ ನೆರಳಲ್ಲೇ ಅವಳು ಕುಸಿದಳು. ಕೂಸು ಅಳಲೇ ಇಲ್ಲ.

*

ಬಿಸಿಲೇರಿತು. ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಪೇಟ ಸುತ್ತಿ ಮಲಗಿಸಿದ್ದ ಹೆಣದ ಸುತ್ತಲ ಮಂಜುಗಡ್ಡೆ ಕರಗಿ, ಬಣ್ಣಗೆಟ್ಟ ನೀರು ತೊಟ್ಟಿಕ್ಕಿ, ನೊಣ ಮುತ್ತಿದವು. ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡರು.

“ವಾಸನ ವಸ್ತಾಂದಿ ಸಾರ್,” ಎಂದು ತೆಲುಗು ಡ್ರೈವರ್ ನಾತ ಹೊರಹೋಗಲೆಂದು ವ್ಯಾನಿನ ಹಿಂಬಾಗಿಲು ತೆರೆದು ದೂರ ಹೋಗಿ ನಿಂತ.

“ತಳ್ಳೋ ಚೌಡಾ!” ಯುವರಾಜ್ ಕಿರುಚಿದ.

ಚೌಡಣ್ಣ ಬಾಗಿಲ ನೆರಳಿನತ್ತ ಕೈ ತೋರಿದ. “ನಾನ್ಯಾಕೆ ತಳ್ಳಲಪ್ಪ? ಕಟ್ಟಳೆ ನಿಮ್ಮಪ್ಪಂದೇ ಅಲ್ವಾ? ಇಳಿದು ನಡೀಲಿ.”

ಯಾರೂ ಮುಂದೆ ಬರಲಿಲ್ಲ. ನಾರಪ್ಪನೂ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅತ್ತ ತಿರುಗಿ ನಿಂತ.

ಚೌಡಣ್ಣ ಆಟೋ ಹತ್ತಿ ಸ್ಟಾರ್ಟ್ ಮಾಡಿದ. ಹಿಂದಿನ ಸೀಟಿನಲ್ಲಿ ಭಾರ್ಗವಿ ನೆಟ್ಟಗೆ ಕೂತಿದ್ದಳು. ಇಂಜಿನ್ನಿನ ಸದ್ದು ಬಾಗಿಲ ಕಮಾನಿಗೆ ಬಡಿದು ಗುಡುಗಿತು. ಆಟೋ ವ್ಯಾನನ್ನು ಬಳಸಿ ರಸ್ತೆಗಿಳಿಯಿತು. ಅದು ಎಬ್ಬಿಸಿದ ಕೆಂಧೂಳು ತೆರೆದ ಹಿಂಬಾಗಿಲಿನಿಂದ ಒಳಗೆ ಹೋಗಿ, ದೊರೆಯ ಪೇಟದ ಮೇಲೆ ನಿಧಾನವಾಗಿ ಕೂತಿತು.